ಕೀರ್ತಿ ಮತ್ತು ಕೃತಿ: ದೇವರಾಜ ಅರಸರ ವಿಚಾರ

ರಾಜಕಾರಣಿಯ ಕೀರ್ತಿಗೂ ಅವನ ಕೃತಿಗೂ ಇರುವ ಸಂಬಂಧ ವಿಚಿತ್ರವಾದದ್ದು. ಕವಿಯಾದರೆ ಅವನ ಪುಸ್ತಕ ಕಪಾಟಿನಲ್ಲಿರುತ್ತದೆ; ಸಂದೇಹ ಬಂದಾಗ ತೆಗೆದು ನೋಡಬಹುದು. ಶಿಲ್ಪಿಯಾದರೆ ಅವನು ಕಡೆದ ವಿಗ್ರಹ ಗುಡಿಯಲ್ಲಿ ನಿಂತಿರುತ್ತದೆ. ಮುಖ್ಯಮಂತ್ರಿಯೊಬ್ಬರು ಮಾಡಿದ್ದೇನು ಎಂಬುದು ಮಾತ್ರ ಕಾಯಿದೆಯ ಕಲಮುಗಳಲ್ಲಿ, ತಾಲ್ಲೂಕು ಕಚೇರಿಯ ಕಡತಗಳಲ್ಲಿ, ಯಾರದೋ ಪಹಣಿಯ ಒಂದು ಸಾಲಿನಲ್ಲಿ ಹರಿದು ಹಂಚಿಹೋಗಿರುತ್ತದೆ. ಅವನ್ನೆಲ್ಲ ಕೂಡಿಸಿ ಓದುವ ವ್ಯವಧಾನ ಎಷ್ಟು ಮಂದಿಗೆ ಉಂಟು? ಆದುದರಿಂದ ನಾವು ಚಿತ್ರಪಟವನ್ನು ನೋಡಿ ಹಾರ ಹಾಕುತ್ತೇವೆ, ಇಲ್ಲವೆ ಮುಖ ತಿರುಗಿಸುತ್ತೇವೆ. “ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ” ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಹೆಸರನ್ನೂ ಮಜ್ಜಿಗೆಯನ್ನೂ ಬೇರೆಬೇರೆ ಅಳತೆಯಲ್ಲಿ ಅಳೆಯಬೇಕೆಂಬುದನ್ನು ಬಲ್ಲವರಾಗಿದ್ದರು.

ಕರ್ನಾಟಕದಲ್ಲಿ ಇಂಥ ಅಳತೆಗೆ ಮತ್ತೆಮತ್ತೆ ಸಿಕ್ಕುವ ಹೆಸರು ಡಿ. ದೇವರಾಜ ಅರಸು ಅವರದು. ಪ್ರತಿವರ್ಷ ಆಗಸ್ಟ್ 20ರಂದು, ಅವರ ಜನ್ಮದಿನದಲ್ಲಿ, ಬಡವರ ಬಂಧು, ಹಿಂದುಳಿದವರ ಧ್ವನಿ, ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದ ಧೀಮಂತ ಎಂಬ ಮಾತುಗಳು ವೇದಿಕೆಗಳಿಂದ ಕೇಳಿಬರುತ್ತವೆ. ಪಕ್ಷ ಯಾವುದಾದರೂ ಆಗಲಿ, ತಾವೇ ಅರಸರ ವಾರಸುದಾರರೆಂದು ಹೇಳಿಕೊಳ್ಳದ ನಾಯಕರು ಕಡಮೆ. ಅದೇ ಹೆಸರನ್ನು ಬೇರೆ ಜಗಲಿಯಲ್ಲಿ ಎತ್ತಿದರೆ ಬೇರೆ ಉತ್ತರ ಬರುತ್ತದೆ: ಇಂದಿರಾ ಗಾಂಧಿಯವರ ಗಾಳಿಯಲ್ಲಿ ತೂರಿಕೊಂಡವರು, ತುರ್ತುಪರಿಸ್ಥಿತಿಯ ಮುಖ್ಯಮಂತ್ರಿ, ಬಂಧುಗಳಿಗೆ ನೆರವಾದವರು, ದೊಡ್ಡ ಜಾತಿಗಳ ಬಲ ಮುರಿಯಲು ಬಡವರ ಹೆಸರು ಹೇಳಿದ ಚತುರ. ಈ ಎರಡು ಮಾತುಗಳನ್ನೂ ಕೇಳುತ್ತ ಬಂದಿರುವ ನನಗೆ, ವಾದ ಮಾಡುವ ಇಬ್ಬರೂ ಕಡತವನ್ನು ಬಿಚ್ಚದೆಯೇ ತೀರ್ಪು ಬರೆಯುತ್ತಿದ್ದಾರೆ ಎನ್ನಿಸುತ್ತದೆ. ಬಿಚ್ಚಿ ನೋಡಿದರೆ ಕಾಣುವುದೇನೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅರಸರು 1915ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ನೆಂಟಸ್ತಿಕೆಯುಳ್ಳ, ಆದರೆ ಸಂಖ್ಯೆಯಲ್ಲಿ ಬಹಳ ಸಣ್ಣದಾದ ಅರಸು ಸಮುದಾಯ ಅವರದು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ವಿಧಾನಸಭೆಗೆ ಬಂದರು. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪನವರ ಕಡೆ ಉಳಿದರೆ, ಅರಸರು ಇಂದಿರಾ ಗಾಂಧಿಯವರ ಕಡೆಗೆ ಹೋದರು. 1972ರ ಚುನಾವಣೆಯಲ್ಲಿ ಆ ಪಕ್ಷಕ್ಕೆ 216ರಲ್ಲಿ 165 ಸ್ಥಾನಗಳು ಬಂದವು; ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಯಾದರು. ಸಂಖ್ಯಾಬಲದ ಜಾತಿ ಬೆನ್ನಿಗಿಲ್ಲದವನು ಅಧಿಕಾರದಲ್ಲಿ ನಿಲ್ಲಬೇಕಾದರೆ ಬೆನ್ನಿಗೆ ಬೇರೆ ಜನರನ್ನು ಕೂಡಿಸಿಕೊಳ್ಳಬೇಕು. ಅವರು ಬಡವರ ಕಡೆ ತಿರುಗಿದ್ದರಲ್ಲಿ ಕರುಣೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಕೆಲವರು ತೂಗುತ್ತಾರೆ. ಅಂತರಂಗವನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ. ಬಾಯಾರಿದವನಿಗೆ ನೀರು ಸಿಕ್ಕಿತೆ ಎಂಬುದು ಮೊದಲನೆಯ ಪ್ರಶ್ನೆ. ಬಾವಿ ತೋಡಿದವನ ಮನಸ್ಸಿನ ವಿಚಾರ ಅದರ ಅನಂತರದ್ದು.

ಮೊದಲು ಭೂಮಿಯ ಮಾತು. ಗೇಣಿದಾರರ ಹಕ್ಕಿನ ವಿಚಾರ ಅರಸರಿಂದಲೇ ಹುಟ್ಟಿತೆನ್ನುವುದು ಇತಿಹಾಸಕ್ಕೆ ಅನ್ಯಾಯ. ಸಾಗರದ ಬಳಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು 1951ರಲ್ಲಿ. ಏಕೀಕರಣವಾದ ಮೇಲೆ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕುಳಿತಿತು. 1961ರ ಭೂಸುಧಾರಣಾ ಕಾಯಿದೆ ಹುಟ್ಟಿತು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆದರೆ ಆ ಕಾಯಿದೆಯ ಹೊಟ್ಟೆಯಲ್ಲಿಯೇ ಒಂದು ಕಿಂಡಿ ಇತ್ತು. ಭೂಮಾಲಿಕನು “ಸ್ವಂತ ಸಾಗುವಳಿಗೆ ಬೇಕು” ಎಂದು ಹೇಳಿ ಗೇಣಿದಾರನಿಂದ ಜಮೀನನ್ನು ಮರಳಿ ಪಡೆಯಬಹುದಾಗಿತ್ತು. ಹೀಗಾಗಿ ಗೇಣಿದಾರನನ್ನು ಉಳಿಸಲು ಬಂದ ಕಾಯಿದೆಯ ಹೆಸರಿನಲ್ಲಿಯೇ ಗೇಣಿದಾರರು ಒಕ್ಕಲೇಳಬೇಕಾದ ವಿಪರೀತವೂ ನಡೆಯಿತು.

ಅರಸರ ಕಾಲದ ತಿದ್ದುಪಡಿ ಈ ಕಿಂಡಿಯನ್ನು ಮುಚ್ಚಿತು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು. ಇದು ಸಾಮಾನ್ಯ ಮಾತಲ್ಲ. ಅಂದಿನವರೆಗೆ ಧಣಿಯ ಬಳಿಗೆ ಹೋಗಿ ಕೇಳಬೇಕಾಗಿದ್ದ ಒಕ್ಕಲು, ಅಂದಿನಿಂದ ಸರಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಸಾಕು. ಆ ಅರ್ಜಿಗೆ ಕಾಗದದಲ್ಲಿ 7ನೆಯ ನಮೂನೆಯೆಂದು ಹೆಸರು. ಕರಾವಳಿಯ ಜನರ ಬಾಯಲ್ಲಿ ಅದು ಡಿಕ್ಲರೇಷನ್. ಸೈನಿಕರಿಗೂ ನಾವಿಕರಿಗೂ ಬಿಟ್ಟರೆ ಬೇರೆ ಮಾಲಿಕರಿಗೆ ವಿನಾಯಿತಿ ಇಲ್ಲವೆಂದಿತು ಕಾಯಿದೆ.

ಇದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಅರ್ಜಿಯನ್ನು ವಿಚಾರಿಸಿದ ರೀತಿ. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳಾದವು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಮೊದಲು ಅಪೀಲಿಗೂ ಅವಕಾಶವಿರಲಿಲ್ಲ. ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿಯೊಂದೇ ದಾರಿ. ನ್ಯಾಯಶಾಸ್ತ್ರ ಬಲ್ಲವರು ಇದನ್ನು ಕಂಡು ಹುಬ್ಬು ಗಂಟಿಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಚಾಲಗೇಣಿಯ ಒಕ್ಕಲಿನ ಸ್ಥಿತಿಯನ್ನು ನೆನೆಯಬೇಕು. ಗೇಣಿ ಅಳೆದದ್ದಕ್ಕೆ ರಸೀತಿಯಿಲ್ಲ, ಪಹಣಿಯಲ್ಲಿ ಹೆಸರಿಲ್ಲ, ಸಹಿ ಹಾಕಲು ಬಾರದು. ಕಾಗದವೇ ಸಾಕ್ಷಿಯಾಗುವ ಕಡೆ ಅವನು ಸೋಲುವುದು ನಿಶ್ಚಯ. ಯಾರ ಗದ್ದೆಯನ್ನು ಯಾರು ಉತ್ತರೆಂಬುದು ಊರಿಗೆಲ್ಲ ಗೊತ್ತು. ಆ ಗೊತ್ತಿರುವ ಸಂಗತಿಗೆ ಕಚೇರಿಯಲ್ಲಿ ಬೆಲೆ ಬರುವಂತೆ ಮಾಡಿದ್ದು ಈ ಮಂಡಳಿಗಳು. ಧಣಿಯ ಎದುರು ತಲೆಯೆತ್ತಿ ನಿಂತು “ಈ ಗದ್ದೆ ನಾನು ಮಾಡಿದ್ದು” ಎಂದು ಹೇಳಬೇಕಾದವನಿಗೆ ಆ ಒಂದು ವಾಕ್ಯವೇ ಎಷ್ಟು ಭಾರವಾಗಿತ್ತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ.

ಅರ್ಜಿ ಕೊಡುವ ಅವಧಿ ಮುಂದಕ್ಕೆ ಹೋಗುತ್ತ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. 8 ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು; 4 ಲಕ್ಷಕ್ಕೂ ಹೆಚ್ಚು ಗೇಣಿದಾರರಿಗೆ, ಸುಮಾರು 20 ಲಕ್ಷ ಎಕರೆಯಷ್ಟು ಭೂಮಿಯ ಮೇಲೆ, ಹಕ್ಕು ಸಿಕ್ಕಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗೆಗಳಲ್ಲಿ ಬಿಲ್ಲವರ, ದೀವರ, ಬಂಟರ ಎಷ್ಟೋ ಮನೆಗಳ ಇಂದಿನ ಸ್ಥಿತಿಗೆ ಈ ಡಿಕ್ಲರೇಷನ್ನೇ ತಳಹದಿ. ಆ ಮನೆಗಳ ಮಕ್ಕಳು ಓದಿದ್ದು, ಊರು ಬಿಟ್ಟು ಉದ್ಯೋಗ ಹಿಡಿದದ್ದು, ಮರಳಿ ಬಂದು ಹಂಚಿನ ಮನೆ ಕಟ್ಟಿದ್ದು ಎಲ್ಲವೂ ಕಾಲಿನ ಕೆಳಗೆ ನೆಲವಿತ್ತೆಂಬ ಧೈರ್ಯದಿಂದ. ಇದು ಘೋಷಣೆಯಲ್ಲ, ಕೃತಿ. ಅರಸರನ್ನು ಬರಿಯ ಮಾತಿನ ಮಲ್ಲರೆನ್ನುವವರು ಈ ಜಿಲ್ಲೆಗಳ ಪಹಣಿಗಳನ್ನು ತಿರುವಿ ಹಾಕಿದರೆ ಸಾಕು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. ಭೂಮಿ ಕಳೆದುಕೊಂಡವರೆಲ್ಲ ನೂರಾರು ಮುಡಿ ಗೇಣಿ ಬರುವ ಧಣಿಗಳಾಗಿರಲಿಲ್ಲ. ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಆ ಅಕ್ಕಿಯಲ್ಲಿ ದಿನ ನೂಕುತ್ತಿದ್ದ ವಿಧವೆಯರಿದ್ದರು. ದೇವರ ಪೂಜೆಯೊಂದೇ ವೃತ್ತಿಯಾದ ಬಡ ಅರ್ಚಕರಿದ್ದರು. ಅವರಿಗೆ ಗೊತ್ತಾದ ಪರಿಹಾರ ಪೇಟೆಯ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಇತ್ತ ಮಂಡಳಿಯ ಸದಸ್ಯರು ಸರಕಾರ ನೇಮಿಸಿದವರಾದುದರಿಂದ ಆಳುವ ಪಕ್ಷದವರಿಗೆ ಅಲ್ಲಿ ಹೆಚ್ಚು ಅವಕಾಶ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಅಲ್ಲಿಯೂ ಸಲ್ಲುತ್ತಿತ್ತು.

ಆದರೆ ಕೀರ್ತಿಗೂ ಕೃತಿಗೂ ಇರುವ ನಿಜವಾದ ಅಂತರ ಇಲ್ಲಿಲ್ಲ. ಅದು ಒಂದು ಶಬ್ದದಲ್ಲಿದೆ. ಘೋಷಣೆ ಹೇಳಿದ್ದು “ಉಳುವವನೇ ಹೊಲದೊಡೆಯ” ಎಂದು. ಕಾಯಿದೆ ಹೇಳಿದ್ದು “ಗೇಣಿದಾರ” ಎಂದು. ಉಳುವವನೂ ಗೇಣಿದಾರನೂ ಒಬ್ಬನೇ ಆಗಿದ್ದ ಕಡೆ ಘೋಷಣೆ ನಿಜವಾಯಿತು. ಆದರೆ ಗೇಣಿದಾರನ ಗದ್ದೆಯಲ್ಲಿ ನೇಗಿಲ ಹಿಂದೆ ನಡೆದವನು ಎಷ್ಟೋ ಕಡೆ ಕೂಲಿಯಾಳು ಅಥವಾ ಜೀತದಾಳು. ಅವನ ಹೆಸರಿನಲ್ಲಿ ಗೇಣಿಯೂ ಇಲ್ಲ. ಅರ್ಜಿ ಕೊಡುವುದಕ್ಕೆ ಅವನಿಗೆ ನಮೂನೆಯೂ ಇಲ್ಲ.

ಕನ್ನಡದ ಓದುಗರಿಗೆ ಈ ಮನುಷ್ಯ ಅಪರಿಚಿತನಲ್ಲ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ “ಚೋಮನ ದುಡಿ”ಯ ಚೋಮ ಇವನೇ. ಚೋಮನಿಗೆ ಎತ್ತುಗಳಿದ್ದವು, ಬೇಸಾಯದ ಹಂಬಲವಿತ್ತು. ಜಾತಿಯ ಕಾರಣದಿಂದ ಗೇಣಿಗೆ ಗದ್ದೆ ಮಾತ್ರ ಸಿಕ್ಕಲಿಲ್ಲ. ಆ ಕಾದಂಬರಿ ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿ ಪಡೆದದ್ದು 1975ರಲ್ಲಿ, ಅರಸರ ಆಡಳಿತದ ನಟ್ಟನಡುವೆ. ನಾಡೆಲ್ಲ ಚೋಮನನ್ನು ತೆರೆಯ ಮೇಲೆ ಕಂಡು ಕಣ್ಣೀರು ಹಾಕಿತು. ಚೋಮ ಅಂದು ಬದುಕಿದ್ದು ತಾಲ್ಲೂಕು ಕಚೇರಿಗೆ ಹೋಗಿದ್ದರೆ? ಅವನು ಎಂದೂ ಗೇಣಿದಾರನಾಗಿರಲಿಲ್ಲ. ಆದುದರಿಂದ 1974ರ ಕಾಯಿದೆಯಲ್ಲಿ ಅವನಿಗೆ ಗದ್ದೆ ಇರಲಿಲ್ಲ. ಗೇಣಿಯನ್ನು ಪಡೆಯಲೂ ಅರ್ಹನಲ್ಲವೆಂದು ಊರು ಯಾರನ್ನು ದೂರವಿಟ್ಟಿತ್ತೋ ಅವನೇ ಗೇಣಿಯ ಕಾಯಿದೆಯಿಂದಲೂ ದೂರ ಉಳಿದ.

ಕೂಲಿಯಾಳಿಗೆ ಏನೂ ಸಿಕ್ಕಲಿಲ್ಲವೆನ್ನುವಂತಿಲ್ಲ. ಬೇರೆಯವರ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿಕಾರ್ಮಿಕನಿಗೆ ಆ ಮನೆಯ ಅಡಿಯ ನೆಲ ಸಲ್ಲಬೇಕೆಂದು ಅದೇ ಕಾಯಿದೆ ವಿಧಿಸಿತು. 1976ರ ಋಣಪರಿಹಾರ ಕಾಯಿದೆ ಸಣ್ಣ ರೈತರ, ಕೂಲಿಗಳ ಖಾಸಗಿ ಸಾಲವನ್ನು ತೊಡೆದುಹಾಕಿತು. ಅದೇ ವರ್ಷ ಕೇಂದ್ರ ಸರಕಾರದ ಕಾಯಿದೆಯಿಂದ ಜೀತ ನಿಷಿದ್ಧವಾಯಿತು. ಗುಡಿಸಲಿನ ನೆಲ, ಸಾಲದಿಂದ ಬಿಡುಗಡೆ, ಜೀತದಿಂದ ಬಿಡುಗಡೆ—ಇವು ಅಲ್ಪವಲ್ಲ. ಆದರೆ ಹೊಲದೊಡೆತನವಲ್ಲ. ಅವನಿಗೆ ಹೊಲ ಸಿಗಬೇಕಾಗಿದ್ದುದು ಮಿತಿಗೆ ಮೀರಿದ ಭೂಮಿಯ ಹಂಚಿಕೆಯಿಂದ. ಕುಟುಂಬವೊಂದಕ್ಕೆ 10 ಯೂನಿಟ್ಟೆಂದು ಮಿತಿ ಗೊತ್ತಾಗಿ, ಒಣಭೂಮಿಯಾದರೆ ಅದು 54 ಎಕರೆಯವರೆಗೂ ಹೋಗುತ್ತಿತ್ತು. ಕಾಫಿ, ಏಲಕ್ಕಿ ಮೊದಲಾದ ತೋಟಗಳಿಗೆ ವಿನಾಯಿತಿ. ಹೀಗಾಗಿ ಕೊಡಗು, ಚಿಕ್ಕಮಗಳೂರುಗಳ ದೊಡ್ಡ ಎಸ್ಟೇಟುಗಳನ್ನು ಕಾಯಿದೆ ಮುಟ್ಟಲಿಲ್ಲ. ಬಯಲುಸೀಮೆಯ ದೊಡ್ಡ ಹಿಡುವಳಿಗಳು ಮನೆಮಂದಿಯ ಹೆಸರಿನಲ್ಲಿ ಹಂಚಿ ನಿಂತವು. ಗೇಣಿಯ ಲೆಕ್ಕದಲ್ಲಿ ಬಂದ ಭೂಮಿಯ ಮುಂದೆ ಮಿತಿಯ ಲೆಕ್ಕದಲ್ಲಿ ಹಂಚಿದ ಭೂಮಿ ಬಹಳ ಸಣ್ಣದು. ಗೇಣಿಯೇ ಕಡಮೆಯಿದ್ದ ಒಣಜಿಲ್ಲೆಗಳ ಬಡವನಿಗೆ ಡಿಕ್ಲರೇಷನ್ನಿನ ಕಥೆ ದೂರದ ಊರಿನ ಜಾತ್ರೆಯ ಸುದ್ದಿಯಂತೆ.

ವಿದ್ವಾಂಸರು ಇದನ್ನು ಗುರುತಿಸದೆ ಇಲ್ಲ. ಈ ಕಾಯಿದೆಗಳನ್ನು ಕುರಿತು ನರೇಂದರ್ ಪಾಣಿಯವರು 1983ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ, ಇವು ದೊಡ್ಡ ಬದಲಾವಣೆಗೆ ಮುನ್ನವೇ ಅಡ್ಡಕಟ್ಟಿದ ಸುಧಾರಣೆಗಳೆಂಬ ಅರ್ಥ ಕೊಡುತ್ತದೆ. 2009ರಲ್ಲಿ ಇ. ರಾಘವನ್ ಮತ್ತು ಜೇಮ್ಸ್ ಮ್ಯಾನರ್ ಒಟ್ಟಾಗಿ ಹೊರತಂದ ಗ್ರಂಥವಾದರೋ ಕರ್ನಾಟಕದಲ್ಲಿ ಪ್ರಜಾಪ್ರಭುತ್ವ ಅಗಲವಾಗಿಯೂ ಆಳವಾಗಿಯೂ ಬೆಳೆದದ್ದನ್ನು ಕಾಣುತ್ತದೆ. ಎರಡೂ ನೋಟಗಳು ಒಟ್ಟಿಗೆ ನಿಜವಾಗಬಲ್ಲವು. ಭೂಮಿಯ ಲೆಕ್ಕದಲ್ಲಿ ಕೊರತೆಯಾದದ್ದು ಅಧಿಕಾರದ ಲೆಕ್ಕದಲ್ಲಿ ಸ್ವಲ್ಪ ತುಂಬಿಬಂತು.

ಆ ಎರಡನೆಯ ಲೆಕ್ಕದ ಮುಖ್ಯ ಕಾಗದ ಹಾವನೂರ್ ವರದಿ. ಎಲ್.ಜಿ. ಹಾವನೂರರ ಆಯೋಗ 1972ರಲ್ಲಿ ನೇಮಕವಾಗಿ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು. 1977ರ ಫೆಬ್ರವರಿಯಲ್ಲಿ ಸರಕಾರದ ಆಜ್ಞೆಯಾಯಿತು. ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟದ್ದಕ್ಕೆ ಎದ್ದ ಕೋಲಾಹಲವನ್ನು ಎದುರಿಸಿ ನಿಲ್ಲುವುದು ಸುಲಭವಾಗಿರಲಿಲ್ಲ. ಆದರೆ ಒಕ್ಕಲಿಗರು ಪಟ್ಟಿಯೊಳಗೆ ಉಳಿದರು. ಎರಡು ಪ್ರಬಲ ಜಾತಿಗಳನ್ನು ಒಮ್ಮೆಗೇ ಎದುರು ಹಾಕಿಕೊಳ್ಳದ ಜಾಣತನ ಇಲ್ಲಿ ಕಾಣುವುದಿಲ್ಲವೆನ್ನಲಾರೆ. ಆದರೂ ಅಲ್ಲಿಯತನಕ ಸರಕಾರಿ ಕಾಗದದಲ್ಲಿ ಹೆಸರೇ ಕಾಣದಿದ್ದ ಎಷ್ಟೋ ಕಸುಬಿನ ಕುಲಗಳು, ಅಲೆಮಾರಿ ಕುಲಗಳು ಆ ವರದಿಯಲ್ಲಿ ಹೆಸರು ಪಡೆದವು. 1972ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಬಂದವರಲ್ಲಿ ವೀರಪ್ಪ ಮೊಯ್ಲಿ, ಮಲ್ಲಿಕಾರ್ಜುನ ಖರ್ಗೆಯವರಂಥವರಿದ್ದರು ಎಂಬುದೂ ಆ ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂದು ತಿಳಿಸುತ್ತದೆ.

ಇದೇ ಕಾಲದ ಇನ್ನೊಂದು ಪುಟವನ್ನು ಸಾಹಿತ್ಯಾಭಿಮಾನಿಗಳು ಮರೆಯಲಾರರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ನಾಡು ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಮುಂದೆ ಅವರು ಅರಸರ ಸಂಪುಟಕ್ಕೆ ಮರಳಿದರು, ನಿಜ. ಆದರೆ ಬೆಂಕಿ ಉರಿಯುವಾಗ ಮುಖ್ಯಮಂತ್ರಿ ತಮ್ಮ ದಲಿತ ಮಂತ್ರಿಯ ಪಕ್ಕದಲ್ಲಿ ನಿಲ್ಲಲಿಲ್ಲ. ಕಾಯಿದೆಯಲ್ಲಿ ಹೊಲದ ಅಂಚಿನಲ್ಲೇ ಉಳಿದ ಚೋಮನಿಗೂ ಈ ಘಟನೆಗೂ ದೂರವೇನಿಲ್ಲ: ಅರಸರ ಕೈ ನಡುವಿನ ಮೆಟ್ಟಿಲಿನವರೆಗೆ ಗಟ್ಟಿಯಾಗಿ ನೀಡಿತು, ಕೊನೆಯ ಮೆಟ್ಟಿಲಿಗೆ ಬಂದಾಗ ತಡವರಿಸಿತು.

ಇನ್ನು ಕಹಿಯಾದ ಕಡತಗಳು. ಭೂನ್ಯಾಯಮಂಡಳಿಗಳು ಕೆಲಸ ಮಾಡಿದ ವರ್ಷಗಳಲ್ಲಿ ತುರ್ತುಪರಿಸ್ಥಿತಿಯ 21 ತಿಂಗಳೂ ಸೇರಿವೆ. ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಸೆರೆ ಹಿಡಿದದ್ದು ಬೆಂಗಳೂರಿನಲ್ಲಿ. “ಸಂಸ್ಕಾರ” ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ಆಸ್ತಮಾ ರೋಗಿ. 1976ರಲ್ಲಿ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ನರಳಿ, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತುರ್ತುಪರಿಸ್ಥಿತಿ ದೆಹಲಿಯದಾದರೂ ಜೈಲು ರಾಜ್ಯ ಸರಕಾರದ್ದು. 1977ರಲ್ಲಿ ಕೇಂದ್ರದ ಜನತಾ ಸರಕಾರ ನೇಮಿಸಿದ ಎ.ಎನ್. ಗ್ರೋವರ್ ಆಯೋಗ ಅರಸರ ಮೇಲಿನ ಆರೋಪಗಳಲ್ಲಿ ಕೆಲವು, ಬಂಧುಪಕ್ಷಪಾತವೂ ಸೇರಿದಂತೆ, ರುಜುವಾತಾಗಿವೆಯೆಂದಿತು. ಆಯೋಗದ ಹಿಂದೆ ರಾಜಕೀಯವಿತ್ತೆಂಬುದು ಅರಸರ ಪಕ್ಷದ ವಾದ. ರಾಜಕೀಯವಿದ್ದ ಮಾತ್ರಕ್ಕೆ ದೋಷ ಗುಣವಾಗದು.

ಗೇಣಿದಾರನಿಗೆ ಸಿಕ್ಕ ಗದ್ದೆಯನ್ನು ಒಂದು ತಟ್ಟೆಯಲ್ಲಿಟ್ಟು ಸೆರೆಮನೆಯ ಆ ದಿನಗಳನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿ, ಕೊನೆಗೆ ಇಷ್ಟು ಉಳಿಯಿತೆಂದು ಹೇಳುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಒಂದರ ಪುಣ್ಯದಿಂದ ಇನ್ನೊಂದರ ಪಾಪ ತೀರುವುದು ಪುರಾಣದಲ್ಲಿ. ಆಡಳಿತದಲ್ಲಿ ಪ್ರತಿ ಕಡತಕ್ಕೂ ಅದರದೇ ಉತ್ತರ ಬೇಕು.

ಹಾಗಾದರೆ ಜನ ಕೊಟ್ಟ ತೀರ್ಪೇನು? 1978ರ ಫೆಬ್ರವರಿಯಲ್ಲಿ ಅರಸರ ನೇತೃತ್ವದ ಇಂದಿರಾ ಕಾಂಗ್ರೆಸ್ಸಿಗೆ 224ರಲ್ಲಿ 149 ಸ್ಥಾನಗಳು ಬಂದವು. 1979ರಲ್ಲಿ ಅವರು ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನಗಳು ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅರಸರ ಪಕ್ಷಕ್ಕೆ ಒಂದೂ ಇಲ್ಲ. ಜನವರಿ 12ರಂದು ಅವರು ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ಕಣ್ಮುಚ್ಚಿದರು. ಊರು ಉಪಕಾರ ಅರಿಯದು ಎಂದು ಅವರ ಅಭಿಮಾನಿಗಳು ನಿಟ್ಟುಸಿರು ಬಿಡುತ್ತಾರೆ. ಬಡವರ ಮನಸ್ಸಿನಲ್ಲಿದ್ದ ಚಿತ್ರಪಟ ಮೊದಲಿನಿಂದಲೂ ಇಂದಿರಾ ಗಾಂಧಿಯವರದೇ ಎಂದು ವಿರೋಧಿಗಳು ನಗುತ್ತಾರೆ.

ಈ ಸೋಲಿನಲ್ಲಿ ನನಗೆ ಇನ್ನೊಂದು ಅರ್ಥವೂ ಕಾಣುತ್ತದೆ. ದಾನ ಪಡೆದವನು ದಾನಿಯ ಹಂಗಿನಲ್ಲಿರುತ್ತಾನೆ. ಹಕ್ಕು ಪಡೆದವನಿಗೆ ಹಂಗಿಲ್ಲ. ಧಣಿಯ ಮುಖ ನೋಡಿ ಮತ ಹಾಕುತ್ತಿದ್ದ ಒಕ್ಕಲು, ಪಹಣಿಯಲ್ಲಿ ತನ್ನ ಹೆಸರು ಬಂದ ಮೇಲೆ ಧಣಿಯ ಮುಖವನ್ನೂ ನೋಡಬೇಕಾಗಿಲ್ಲ, ಹಕ್ಕುಪತ್ರ ಕೊಟ್ಟ ಮುಖ್ಯಮಂತ್ರಿಯ ಮುಖವನ್ನೂ ನೋಡಬೇಕಾಗಿಲ್ಲ. ಸೋಲಿಗೆ ಇದೊಂದೇ ಕಾರಣವೆನ್ನುವುದಿಲ್ಲ. ಆದರೆ ಜನಪ್ರಿಯತೆಗಾಗಿ ಮಾಡಿದ ಕೆಲಸಕ್ಕೂ ಜನರಿಗಾಗಿ ಮಾಡಿದ ಕೆಲಸಕ್ಕೂ ಭೇದ ತಿಳಿಯುವುದು ಇಂಥ ಕಡೆಯಲ್ಲಿಯೇ. ಪ್ರತಿ ಚುನಾವಣೆಗೂ ಹೊಸದಾಗಿ ಕೊಡಬೇಕಾದದ್ದು ಮೊದಲನೆಯದು. ಒಮ್ಮೆ ಕೊಟ್ಟರೆ ಕೊಟ್ಟವನನ್ನೇ ಮರೆತು ಬಾಳಬಹುದಾದದ್ದು ಎರಡನೆಯದು. ಅರಸರ ಕೃತಿಯಲ್ಲಿ ಎರಡನೆಯ ಬಗೆಯದು ಕೆಲವಾದರೂ ಇವೆ. ಅವರ ವಾರಸುದಾರರೆನ್ನುವವರ ಪಟ್ಟಿಯಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಈ ಮಾತು ಬರಿಯ ಹಳೆಯ ಕಥೆಯಲ್ಲ. ಕೃಷಿಕರಲ್ಲದವರೂ ಬೇರೆ ಆದಾಯ ಹೆಚ್ಚಿದ್ದವರೂ ಕೃಷಿಭೂಮಿ ಕೊಳ್ಳಬಾರದೆಂದು ಅದೇ ಕಾಯಿದೆಯಲ್ಲಿದ್ದ 79-ಎ, 79-ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು; ಅದೂ 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂಬಂತೆ. ಅಂದು ಡಿಕ್ಲರೇಷನ್ ಕೊಟ್ಟು ಪಡೆದ ಗದ್ದೆಗೆ ಇಂದು ಪೇಟೆಯ ಕೊಳ್ಳುವವನು ಬಾಗಿಲಿಗೆ ಬಂದಿದ್ದಾನೆ. ಮಾರುವವನನ್ನು ದೂರುವ ಅಧಿಕಾರ ನನಗಿಲ್ಲ. ಬೇಸಾಯದ ಕಷ್ಟ ಬೇಸಾಯಗಾರನಿಗೇ ಗೊತ್ತು. ಆದರೆ ಅರಸರ ಚಿತ್ರಪಟಕ್ಕೆ ಹಾರ ಹಾಕುವ ಕೈಗಳು ಅವರ ಕಾಯಿದೆಯ ಕಲಮುಗಳ ವಿಚಾರದಲ್ಲಿ ಏನು ಮಾಡಿದವು ಎಂದು ಕೇಳುವ ಅಧಿಕಾರ ಎಲ್ಲರಿಗೂ ಉಂಟು.

ಕೀರ್ತಿಗಿಂತ ಕೃತಿ ಚಿಕ್ಕದಾಯಿತೆ ಎಂಬ ಪ್ರಶ್ನೆಗೆ ಹೌದೆಂದೇ ನನ್ನ ಉತ್ತರ. ಘೋಷಣೆ ಉಳುವವನೆಲ್ಲರನ್ನೂ ಕರೆಯಿತು. ಕಾಯಿದೆ ಅವರಲ್ಲಿ ಒಂದು ಪಾಲಿನವರನ್ನು ಒಳಗೆ ಬಿಟ್ಟುಕೊಂಡಿತು. ಆದರೆ ಆ ಪಾಲು ಲಕ್ಷಗಟ್ಟಲೆ ಮನೆಗಳದು. ಅದನ್ನು ಸಣ್ಣದೆನ್ನುವವರು ಗೇಣಿ ಅಳೆದು ಬರಿಗೈಯಲ್ಲಿ ಮನೆಗೆ ಮರಳಿದವರಲ್ಲ. ಉಳಿದ ಪಾಲು, ಚೋಮನ ಪಾಲು, ಅರಸರ ಕೀರ್ತಿಯಲ್ಲಿ ಸೇರಿಹೋಗಿದೆ, ಕೃತಿಯಲ್ಲಿ ಸೇರಿಲ್ಲ. ಅದನ್ನು ಅವರ ಹೆಸರಿಗೆ ಜಮೆ ಮಾಡಿ ನಾವು ನಿಶ್ಚಿಂತರಾಗಿದ್ದೇವೆ. ಲೆಕ್ಕ ಸರಿಯಾಗಿ ಬರೆಯುವುದಾದರೆ ಅದು ಅವರ ಅನಂತರ ಆ ಕುರ್ಚಿಯಲ್ಲಿ ಕುಳಿತ ಪ್ರತಿಯೊಬ್ಬರ ಹೆಸರಿನಲ್ಲಿಯೂ, ಅವರನ್ನು ಕೂರಿಸಿದ ನಮ್ಮೆಲ್ಲರ ಹೆಸರಿನಲ್ಲಿಯೂ, ಬಾಕಿಯೆಂದೇ ಬರೆಯಬೇಕಾದದ್ದು.